ಹನ್ನೊಂದೂವರೆಯ ಚಿತ್ರ

ಅಚ್ಚುಕೂಟದಲ್ಲಿ ಅವಳನ್ನು ಎಲ್ಲರೂ ವಿರಾಮಕ್ಕ ಎಂದೇ ಕರೆಯುತ್ತಿದ್ದರು. ಕರಡು ತಿದ್ದುವ ಕೆಲಸ ಅವಳದು. ಬೇರೆಯವರ ಕಣ್ಣು ತಪ್ಪಿಸಿ ನುಸುಳಿದ ಅಲ್ಪವಿರಾಮ, ಪೂರ್ಣವಿರಾಮಗಳೆಲ್ಲ ಅವಳ ಪೆನ್ಸಿಲ್ಲಿಗೆ ಸಿಕ್ಕಿಬೀಳುತ್ತಿದ್ದವು. ಉದ್ದನೆಯ ಮೇಜಿನ ಸುತ್ತ ನಾಲ್ಕು ಜನ ಕೂತು, ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಸಾಲುಸಾಲಾಗಿ ಬೆರಳು ಸರಿಸುತ್ತ ಹೋಗುವುದು. ರೈಲಿನ ವೇಳಾಪಟ್ಟಿ, ಔಷಧದ ಡಬ್ಬಿಯೊಳಗಿನ ಮಡಿಕೆ ಕಾಗದ, ಭೂಗೋಳದ ಪಠ್ಯಪುಸ್ತಕ, ಏನು ಬಂದರೂ ಅದೇ ರಾಗದಲ್ಲಿ ಓದಬೇಕು. ಮಧ್ಯೆ ಮಧ್ಯೆ ನಗು, ಕೆಮ್ಮು, ಯಾರದೋ ಅತ್ತೆಯ ಸುದ್ದಿ. ಹನ್ನೊಂದು ವರ್ಷ ಹೀಗೆ ಕಿವಿ ತುಂಬ ಮಾತಿನ ನಡುವೆ ದುಡಿದವಳು, ಮಗಳಿಗೆ ಎಂಟು ತುಂಬಿದ ವರ್ಷ ಕೆಲಸ ಬಿಟ್ಟಳು.

ಬಿಟ್ಟದ್ದು ಮಗಳಿಗಾಗಿ. ಆ ಹುಡುಗಿಗೆ ಅಪ್ಪ ಇಟ್ಟ ಅಡ್ಡಹೆಸರು ರೇಡಿಯೋ. ಬೆಳಿಗ್ಗೆ ಕಣ್ಣು ಬಿಟ್ಟರೆ ಶುರು, ನಿದ್ದೆ ಬಂದಾಗಲೇ ಬಂದ್. ಕನಸನ್ನೂ ಒಂದಕ್ಷರ ಬಿಡದೆ ಹೇಳುವವಳು. ಆದರೆ ಶಾಲೆಯ ಗೇಟು ದಾಟಿದರೆ ಬಾಯಿಗೆ ಬೀಗ ಬಿದ್ದ ಹಾಗೆ. ಹಾಜರಿ ಕರೆದರೆ ಕೈ ಎತ್ತುವಳೇ ಹೊರತು ಸದ್ದಿಲ್ಲ. ಟೀಚರು ರಮಿಸಿ ನೋಡಿದರು, ಗದರಿ ನೋಡಿದರು, ಮಾತಾಡುವ ತನಕ ನಿಂತಿರು ಎಂದು ಒಂದಿಡೀ ಪೀರಿಯಡ್ ನಿಲ್ಲಿಸಿಯೂ ನೋಡಿದರು. ಮಕ್ಕಳ ವೈದ್ಯರು ಮಾತ್ರ, "ಇದು ಹಟ ಅಲ್ಲಮ್ಮ, ಭಯ. ಒತ್ತಾಯ ಮಾಡಿದಷ್ಟೂ ಬಿಗಿಯಾಗುತ್ತೆ" ಎಂದಿದ್ದರು. ಅಷ್ಟರಲ್ಲಿ ತರಗತಿಯ ಮಕ್ಕಳು ಅವಳಿಗೆ ಮೂಗಿ ಎಂದು ಹೆಸರಿಟ್ಟಾಗಿತ್ತು. ಒಂದು ದಿನ ಹೊರಗೆ ಹೋಗಿಬರಲೇ ಎಂದು ಕೇಳುವುದಕ್ಕೂ ಬಾಯಿ ಬಾರದೆ, ಹುಡುಗಿ ಬೆಂಚಿನ ಮೇಲೆ ಒದ್ದೆಯಲ್ಲೇ ಕೊನೆಯ ಗಂಟೆಯವರೆಗೆ ಕೂತಿದ್ದಳು. ಅವತ್ತು ಸಂಜೆ ಬಟ್ಟೆ ನೆನೆಹಾಕುತ್ತ ತಾಯಿ ತೀರ್ಮಾನ ಮಾಡಿದಳು.

"ಇನ್ನು ಮನೇಲೇ ಕಲಿಸ್ತೀನಿ ರೀ" ಎಂದಳು ಗಂಡನಿಗೆ.

ಗಂಡ ಲಿಫ್ಟ್ ಮೆಕ್ಯಾನಿಕ್. ಊರಿನ ಅರ್ಧ ಕಟ್ಟಡಗಳ ಲಿಫ್ಟುಗಳು ಅವನ ಕೈಮೇಲೆಯೇ ಓಡುತ್ತಿದ್ದವು. ಮಾತು ಕಮ್ಮಿ. ಅವನು, "ನಿನ್ನ ಕೈಲಾಗುತ್ತಾ?" ಎಂದ.

"ಆಗ್ದೆ ಏನು."

"ಸರಿ ಹಾಗಾದ್ರೆ." ಅಲ್ಲಿಗೆ ಮುಗಿಯಿತು.

ಶಿಕ್ಷಣ ಇಲಾಖೆಗೆ ಅರ್ಜಿ ಹೋಯಿತು, ಒಪ್ಪಿಗೆ ಬಂತು. ವರ್ಷಕ್ಕೊಮ್ಮೆ ಅಧಿಕಾರಿಯೊಬ್ಬರು ಮನೆಗೆ ಬಂದು ಮಗುವನ್ನು ಪರೀಕ್ಷಿಸುತ್ತಾರೆ ಎಂಬುದು ಷರತ್ತು. ಅಡುಗೆಮನೆಯ ಗೋಡೆಗೆ ವೇಳಾಪಟ್ಟಿ ಅಂಟಿಸಿದಳು. ರೈಲಿನ ವೇಳಾಪಟ್ಟಿಗಳನ್ನು ತಿದ್ದಿದ ಕೈ, ಗೆರೆಗಳು ನೇರವಾಗಿದ್ದವು. ಲೆಕ್ಕ, ಓದು, ಬರಹ, ಚಿತ್ರಕಲೆ ಎಲ್ಲ ತಂತಮ್ಮ ಮನೆಯಲ್ಲಿ ಕೂತವು. ಜಾಗ ಸಿಗದೆ ಅಲೆದದ್ದು ಸಾಕ್ಷ್ಯಚಿತ್ರ ಒಂದೇ.

ಬಡಾವಣೆಯ ಗ್ರಂಥಾಲಯದಲ್ಲಿ ಅಂಥ ಚಿತ್ರಗಳ ಡಿಸ್ಕುಗಳಿದ್ದವು, ಎರಡು ಕಪಾಟು ತುಂಬ. ಗ್ರಂಥಪಾಲಕಿ ವಾರಕ್ಕೆ ನಾಲ್ಕು ಕೊಡುತ್ತಿದ್ದಳು. ಮೊದಮೊದಲು ಊಟವಾದ ಮೇಲೆ ಹಾಕಿದಳು. ತಾನು ಪಾತ್ರೆ ತೊಳೆದುಕೊಳ್ಳಬಹುದು ಎಂಬ ಆಸೆಯೂ ಇತ್ತು ಎನ್ನಿ. ಪಾತ್ರೆ ಮುಗಿಸಿ ಬಂದು ನೋಡಿದರೆ ಜ್ವಾಲಾಮುಖಿ ಉಕ್ಕುತ್ತಿದೆ, ಮಗಳು ಗೊರಕೆ ಹೊಡೆಯುತ್ತಿದ್ದಾಳೆ. ಸಂಜೆಗೆ ಬದಲಾಯಿಸಿದಳು. ಸಂಜೆ ಗಂಡ ಬಂದು, ಬೂಟು ಬಿಚ್ಚಿ, ವಾರ್ತೆ ಹಾಕು ಎನ್ನುವ ಹೊತ್ತು. ಅವನೇನೋ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಒಂಟೆಗಳ ಸಾಲನ್ನು ಅವನು ನೋಡುತ್ತಿದ್ದ ಮುಖ ನೋಡಿ ಇವಳಿಗೇ ಪಾಪ ಎನಿಸಿತು. ಬೆಳಿಗ್ಗೆ ಎದ್ದಕೂಡಲೇ ಹಾಕಿ ನೋಡಿದಳು. ಹುಡುಗಿ ಆಮೇಲೆ ಲೆಕ್ಕಕ್ಕೆ ಕೂರಲೇ ಇಲ್ಲ, ಹನ್ನೆರಡರ ತನಕ ತಿಮಿಂಗಿಲವಾಗಿ ನೆಲದ ಮೇಲೆ ಉರುಳಾಡಿದಳು.

ಎರಡು ತಿಂಗಳು ತಿಣುಕಾಡಿದ ಮೇಲೆ ಹನ್ನೊಂದೂವರೆ ಗಟ್ಟಿಯಾಯಿತು. ಅಷ್ಟರಲ್ಲಿ ಲೆಕ್ಕ ಮುಗಿದು ತಲೆ ಚಿಟ್ಟು ಹಿಡಿದಿರುತ್ತದೆ, ಹಸಿವು ಇನ್ನೂ ಶುರುವಾಗಿರುವುದಿಲ್ಲ. ಇಪ್ಪತ್ತೈದು ನಿಮಿಷ, ಅದಕ್ಕಿಂತ ಒಂದು ನಿಮಿಷ ಹೆಚ್ಚಿಲ್ಲ. ಚಿತ್ರ ಅರ್ಧಕ್ಕೆ ನಿಂತರೆ ನಿಲ್ಲಲಿ, ಉಳಿದದ್ದು ನಾಳೆಗೆ. ಟಿವಿ ಆರಿಸಿದ ಮೇಲೆ ಐದು ನಿಮಿಷ ಯಾರೂ ಮಾತಾಡಬಾರದು. ಆಮೇಲೆ, ಇವತ್ತಿನವರೆಗೂ ಗೊತ್ತಿಲ್ಲದೆ ಇದ್ದದ್ದು ಏನು ಗೊತ್ತಾಯಿತು ಎಂದು ಇಬ್ಬರೂ ಒಂದೊಂದು ಹೇಳಬೇಕು. ಆ ಐದು ನಿಮಿಷ ಮಗಳಿಗೆ ಐದು ವರ್ಷದ ಹಾಗೆ. ತುಟಿ ಕಚ್ಚಿಕೊಂಡು ಗಡಿಯಾರದ ಮುಳ್ಳನ್ನೇ ನೋಡುತ್ತ ಕೂರುವಳು.

ತಾನು ನೋಡದ ಚಿತ್ರವನ್ನು ಮಗಳಿಗೆ ತೋರಿಸಬಾರದು ಎಂಬುದು ತಾಯಿಯ ನಿಯಮ. ಹಾಗಾಗಿ ಬೆಳಗಿನ ಜಾವ ಐದಕ್ಕೆ ಎದ್ದು, ಮುಂದಿನ ಕೋಣೆಯ ದೀಪ ಹಾಕದೆ, ಟಿವಿಯ ಸದ್ದು ಪೂರ್ತಿ ಅಡಗಿಸಿ ಒಬ್ಬಳೇ ನೋಡುವಳು. ಗೋಡೆ ತೆಳುವು, ಆಚೆ ಮಲಗಿದವರಿಗೆ ಎಚ್ಚರವಾಗಬಾರದು. ಮಂಜಿನ ಬಯಲು, ಹಗ್ಗ ಹೊಸೆಯುವ ಕಾರ್ಖಾನೆ, ನೀರು ಬಿದ್ದೊಡನೆ ಜೀವ ಬರುವ ಒಣಗಿದ ಪಾಚಿ. ಎಲ್ಲವೂ ಸದ್ದಿಲ್ಲದೆ ಅವಳ ಮುಖದ ಮೇಲೆ ಬೆಳಕಾಗಿ ಆಡಿ ಹೋಗುತ್ತಿದ್ದವು. ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಪೆನ್ಸಿಲ್. ಪ್ರಶ್ನೆ ಬರೆದುಕೊಳ್ಳಲೆಂದು ಇಟ್ಟ ನೋಟ್‌ಬುಕ್ಕಿನಲ್ಲಿ ಎಷ್ಟೋ ಸಲ ಪ್ರಶ್ನೆಯ ಬದಲು ಬೇರೇನೋ ಬರೆದಿರುತ್ತಿದ್ದಳು. 'ಈ ಹಕ್ಕಿಗೆ ಜೊತೆ ಕಾಣುವುದಿಲ್ಲ' ಎಂದು ಒಂದು ಪುಟದಲ್ಲಿತ್ತು, ಅಷ್ಟೇ.

ದಿನಗಳು ಹೀಗೇ ಕೂಡಿದವು. ಅವಳ ಅಕ್ಕ ಬೇರೆ ಊರಿನಿಂದ ಫೋನ್ ಮಾಡಿದಾಗಲೆಲ್ಲ, "ಮಗೂನ ಕೂಡಿಹಾಕಿ ನಿನ್ನನ್ನೂ ಕೂಡಿಹಾಕ್ಕೊಂಡೆ ಕಣೆ" ಎನ್ನುವಳು. ಫೋನುಗಳು ಕಮ್ಮಿಯಾದವು. ಕೆಳಗಿನ ಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಾಗ, "ಇನ್ನೂ ಸ್ಕೂಲಿಗೆ ಹಾಕಿಲ್ವಾ?" ಎಂದು ಮೂರು ಸಲ ಕೇಳಿದಳು. ನಾಲ್ಕನೆಯ ಸಲ ಕೇಳಿಸಿಕೊಳ್ಳಬಾರದೆಂದು ಇವಳು ಬಾಗಿಲ ಹಿಂದೆ ನಿಂತು, ಕೆಳಗಿನ ಬಾಗಿಲು ಮುಚ್ಚಿದ ಸದ್ದು ಕೇಳಿದ ಮೇಲೆ ಇಳಿಯುವುದನ್ನು ರೂಢಿಸಿಕೊಂಡಳು. ಅಚ್ಚುಕೂಟದ ಗೆಳತಿಯರು ಮೊದಲ ವರ್ಷ ಎರಡು ಸಲ ಬಂದರು, ಆಮೇಲೆ ಅವರವರ ಸಂಸಾರ ಅವರವರಿಗೆ. ಗಂಡ ಬರುವ ಹೊತ್ತಿಗೆ ಅವನಲ್ಲಿ ಮಾತು ಉಳಿದಿರುತ್ತಿರಲಿಲ್ಲ. ಮಗಳು ದಿನವಿಡೀ ಮಾತಾಡುತ್ತಿದ್ದಳು ನಿಜ. ಆದರೆ ಒಂಬತ್ತು ವರ್ಷದ ಮಗುವಿನ ಹತ್ತಿರ ಹೇಳಿಕೊಳ್ಳಬಹುದಾದದ್ದು ಎಷ್ಟು?

ಅಧಿಕಾರಿ ಮೊದಲ ಸಲ ಬಂದದ್ದು ಒಂದು ಮಂಗಳವಾರ. ವಯಸ್ಸಾದ, ಸಮಾಧಾನದ ಮನುಷ್ಯ, ಹೆಗಲಿಗೊಂದು ಚರ್ಮದ ಚೀಲ. ನೋಟ್‌ಬುಕ್ಕುಗಳನ್ನು ಒಂದೊಂದಾಗಿ ತಿರುವಿ ಮೆಚ್ಚಿಕೊಂಡರು. ಆಮೇಲೆ ಹುಡುಗಿಯ ಕಡೆ ತಿರುಗಿ, "ಏನಮ್ಮ, ನಿಂಗೆ ಇಷ್ಟವಾದ ಪಾಠ ಯಾವುದು?" ಎಂದರು. ಹುಡುಗಿ ತಲೆ ತಗ್ಗಿಸಿದಳು. ನಲವತ್ತು ನಿಮಿಷ ಅವರು ಕಾದರು. ಕೊನೆಗೆ ಹಾಳೆಯ ಮೇಲೆ 'ಮೌಖಿಕ ಪರೀಕ್ಷೆ ನಡೆಯಲಿಲ್ಲ' ಎಂದು ಬರೆದರು.

"ಮೇಡಂ, ನಿಮ್ಮ ಶ್ರಮ ಕಾಣುತ್ತೆ. ಆದ್ರೆ ಬರವಣಿಗೆ ಮಗೂದೋ ನಿಮ್ಮದೋ ಅಂತ ಮೇಲಿನವರು ಕೇಳಿದ್ರೆ ನಾನು ಏನು ಹೇಳ್ಲಿ? ಮುಂದಿನ ವರ್ಷವೂ ಹೀಗೇ ಆದ್ರೆ ಒಪ್ಪಿಗೆ ರದ್ದಾಗುತ್ತೆ. ಶಾಲೆಗೆ ಕಳಿಸ್ಲೇಬೇಕಾಗುತ್ತೆ."

ಅವರು ಹೋದ ಮೇಲೆ ಹುಡುಗಿ ಮಂಚದ ಕೆಳಗೆ ಸೇರಿಕೊಂಡಳು. ತಾಯಿ ನೆಲದ ಮೇಲೆ ಮಗ್ಗುಲಾಗಿ ಮಲಗಿ ಕೈ ಒಳಗೆ ಚಾಚಿದಳು. ಸುಮಾರು ಹೊತ್ತಾದ ಮೇಲೆ ಒಳಗಿನಿಂದ ದನಿ ಬಂತು. "ಉತ್ತರ ಗೊತ್ತಿತ್ತಮ್ಮ. ಗಂಟಲಲ್ಲೇ ಇತ್ತು."

ಮುಂದಿನ ಹತ್ತು ತಿಂಗಳು ತಾಯಿ ಆ ಭಯವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಓಡಾಡಿದಳು. ಗಂಡನಿಗೆ ಒಂದು ಸಲ ಹೇಳಿದಳು. ಅವನು, "ನೋಡೋಣ, ಇನ್ನೂ ಟೈಮಿದೆಯಲ್ಲ" ಎಂದ.

ಒಂದು ಬೆಳಗಿನ ಜಾವ ಅವಳು ಎಂದಿನಂತೆ ಸದ್ದಡಗಿಸಿ ಚಿತ್ರ ನೋಡುತ್ತಿದ್ದಾಗ ಮಗಳು ಹೊದಿಕೆ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು. ಮರಳುಗಾಡಿನ ಚಿತ್ರ. ಸದ್ದು ಯಾಕಿಲ್ಲ ಎಂದು ಮಗಳು ಕೇಳಲಿಲ್ಲ. ಸ್ವಲ್ಪ ಹೊತ್ತು ನೋಡಿ, ಪಿಸುದನಿಯಲ್ಲಿ ತಾನೇ ಹೇಳತೊಡಗಿದಳು.

"ಇವರು ಮರಳುಗುಡ್ಡ. ಇವರಿಗೆ ಅವಸರ ಇಲ್ಲ. ಗಾಳಿ ಬಂದಾಗ ಬೆನ್ನ ಮೇಲಿನ ಮರಳು ಮುಂದಕ್ಕೆ ಉರುಳುತ್ತೆ, ಹಾಗೇ ನಡೀತಾರೆ. ಕಾಲು ಬೇಕಾಗಿಲ್ಲ. ಅಲ್ನೋಡು, ಒಂದು ಜೀರುಂಡೆ ಹೊರಟಿದೆ. ಬೆಳಿಗ್ಗೆ ಬೆಳಿಗ್ಗೆ ಎಲ್ಲಿಗಪ್ಪ ಸವಾರಿ?"

ತಾಯಿಗೆ ನಗು ತಡೆಯಲಾಗಲಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಚಿತ್ರ ಮುಗಿದಾಗ ಹೊರಗೆ ಬೆಳಕು ಹರಿದಿತ್ತು. ಸುಮ್ಮನೆ ಕೂತು ಯೋಚಿಸಿದಳು. ಮಗಳ ದನಿ ಅಪರಿಚಿತರ ಮುಂದೆ ಹೊರಡುವುದಿಲ್ಲ, ಸರಿ. ಆದರೆ ಮೊದಲೇ ಹೊರಟ ದನಿಯನ್ನು ಅಪರಿಚಿತರ ಮುಂದೆ ಇಡಬಹುದಲ್ಲ?

ಗಂಡನ ಹಳೆಯ ಮೊಬೈಲಿನಲ್ಲಿ ರೆಕಾರ್ಡ್ ಮಾಡುವ ಸೌಕರ್ಯವಿತ್ತು. ಅದನ್ನು ಹುಡುಗಿಯ ಕೈಗೆ ಕೊಟ್ಟಳು. ಹನ್ನೊಂದೂವರೆಯ ಚಿತ್ರ ಈಗ ಎರಡು ದಿನದ್ದಾಯಿತು. ಮೊದಲ ದಿನ ಸದ್ದಿನೊಂದಿಗೆ ನೋಡುವುದು. ಎರಡನೆಯ ದಿನ ಸದ್ದಿಲ್ಲದೆ ಹಾಕಿ ಹುಡುಗಿಯೇ ವಿವರಣೆ ಹೇಳುವುದು. ತಪ್ಪಿದರೆ ತಾಯಿ ಪೆನ್ಸಿಲ್ ಎತ್ತುವಳು, ಹುಡುಗಿ ನಿಲ್ಲಿಸಿ ಮತ್ತೆ ಹೇಳುವಳು. "ಅದು ಹಲ್ಲಿ ಅಲ್ಲ, ಓತಿ." "ಇಲ್ಲಿ ಒಂದು ಉಸಿರು ಬಿಡು, ಕೇಳೋರಿಗೂ ಉಸಿರು ಬೇಕು." ಮರಳಿನ ಚಿತ್ರವನ್ನು ಎಂಟು ಸಲ ಹೇಳಿದಳು. ಎಂಟನೆಯದು ಚೆನ್ನಾಗಿತ್ತು.

ಎರಡನೆಯ ವರ್ಷ ಅದೇ ಅಧಿಕಾರಿ ಬಂದರು. ತಾಯಿ ಕುರ್ಚಿ ಹಾಕಿ, ಟಿವಿ ಹಚ್ಚಿ, ಮೊಬೈಲನ್ನು ಪಕ್ಕದಲ್ಲಿಟ್ಟು ಎರಡನ್ನೂ ಒಟ್ಟಿಗೆ ಶುರುಮಾಡಿದಳು. ಮಗಳ ದನಿ ಕೋಣೆಯಲ್ಲಿ ತುಂಬಿಕೊಂಡಿತು. ಮಗಳು ಮಾತ್ರ ಅಡುಗೆಮನೆ ಬಾಗಿಲ ಪರದೆಯ ಹಿಂದೆ, ಪಾದಗಳಷ್ಟೇ ಕಾಣುವ ಹಾಗೆ ನಿಂತಿದ್ದಳು. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಜೀರುಂಡೆ ಬಂದಾಗ ಅವರ ಭುಜ ಅಲುಗಿತು. ನಗುತ್ತಿದ್ದರು.

ಮುಗಿದ ಮೇಲೆ, "ಇದನ್ನ ನೀವು ಬಾಯಿಪಾಠ ಮಾಡಿಸಿರಬಹುದು" ಎಂದರು ಮೆಲ್ಲಗೆ. ಅವರು ಪರದೆಯ ಕಡೆ ನೋಡಿ ಕೇಳಿದರು. "ಒಂದೇ ಒಂದು ಪ್ರಶ್ನೆ ಕೇಳ್ತೀನಮ್ಮ. ನಡೆಯೋ ಮರಳುಗುಡ್ಡ ನಿಲ್ಬೇಕಾದ್ರೆ ಏನಾಗ್ಬೇಕು?"

ಪಾದಗಳು ಅಲುಗಲಿಲ್ಲ. ಆಮೇಲೆ ಪರದೆಯ ಸಂದಿಯಿಂದ ಒಂದು ಕೈ ಹೊರಬಂದು ಬೆರಳಾಡಿಸಿತು. ಕೇಳಿದ್ದು ಮೊಬೈಲನ್ನು. ತಾಯಿ ಕೊಟ್ಟಳು. ಅಡುಗೆಮನೆಯ ಬಾಗಿಲು ಮುಚ್ಚಿಕೊಂಡಿತು. ನಲ್ಲಿಯಿಂದ ನೀರು ತೊಟ್ಟಿಕ್ಕುವುದು ಮುಂದಿನ ಕೋಣೆಗೂ ಕೇಳುತ್ತಿತ್ತು. ಮೂರು ನಿಮಿಷದ ಮೇಲೆ ಕೈ ಮತ್ತೆ ಹೊರಬಂತು, ಮೊಬೈಲನ್ನು ನೇರ ಅಧಿಕಾರಿಯ ಕೈಗೇ ಕೊಟ್ಟು ಒಳಗೆ ಹೋಯಿತು. ಅವರು ಗುಂಡಿ ಒತ್ತಿದರು.

"ಹುಲ್ಲು ಹುಟ್ಟಿದ್ರೆ ನಿಲ್ಲುತ್ತೆ. ಬೇರು ಮರಳನ್ನ ಹಿಡ್ಕೊಳ್ಳುತ್ತೆ. ಆದ್ರೆ ಹುಲ್ಲು ಹುಟ್ಬೇಕಾದ್ರೆ ಮೊದ್ಲು ಗುಡ್ಡ ಸ್ವಲ್ಪ ದಿನ ಸುಮ್ನೆ ನಿಲ್ಬೇಕಲ್ವಾ? ಅದನ್ನ ಯಾರು ನಿಲ್ಸ್ತಾರೆ ಅಂತ ಫಿಲಂನಲ್ಲಿ ಹೇಳಿಲ್ಲ. ನಿಮಗೆ ಗೊತ್ತಿದ್ರೆ ಹೇಳಿ."

ಅಧಿಕಾರಿ ಎರಡನೆಯ ಸಲ ಹಾಕಿಕೊಂಡು ಕೇಳಿದರು. "ನಂಗೂ ಗೊತ್ತಿಲ್ಲಮ್ಮ" ಎಂದು ಪರದೆಗೆ ಹೇಳಿದರು. ಚೀಲದಿಂದ ಹಾಳೆ ತೆಗೆದು, 'ಮೌಖಿಕ ಪರೀಕ್ಷೆ: ನಡೆಯಿತು. ಉತ್ತಮ' ಎಂದು ಬರೆದು, ಕೆಳಗೆ ಸಹಿ ಹಾಕಿದರು. ತಾಯಿ ಓದಿದಳು. ಒಂದು ಬಿಂದುವೂ ತಿದ್ದುವ ಹಾಗಿರಲಿಲ್ಲ.

ಮರಳಿನ ಚಿತ್ರದ ವಿವರಣೆಯ ರೆಕಾರ್ಡಿಂಗನ್ನು ಗ್ರಂಥಾಲಯದಲ್ಲಿ ಬೇರೆ ಮಕ್ಕಳಿಗೆ ಕೇಳಿಸಬಹುದೇ ಎಂದು ಅವರೇ ಕೇಳಿದ್ದು. ಹುಡುಗಿ ಪರದೆಯ ಹಿಂದಿನಿಂದಲೇ ತಲೆ ಆಡಿಸಿದಳು, ಪರದೆ ಅಲುಗಿದ್ದರಿಂದ ಗೊತ್ತಾಯಿತು. ಶನಿವಾರ ಗ್ರಂಥಾಲಯದಲ್ಲಿ ಹದಿನೈದು ಮಕ್ಕಳು ಸೇರಿದರು. ಮರಳುಗುಡ್ಡದ ಚಿತ್ರಕ್ಕೆ ಬಿದ್ದೂ ಬಿದ್ದೂ ನಕ್ಕರು. ಯಾರ ದನಿ ಇದು ಎಂದು ಹಲ್ಲಿಗೆ ತಂತಿ ಹಾಕಿಸಿಕೊಂಡ ಒಬ್ಬ ಹುಡುಗಿ ಹುಡುಕುತ್ತ ಬಂದು ಇವಳ ಪಕ್ಕದಲ್ಲೇ ಕೂತಳು. ಮಾತಾಡು ಎಂದು ಪೀಡಿಸಲಿಲ್ಲ. ತನ್ನ ಪೆನ್ಸಿಲ್ ಡಬ್ಬಿಯನ್ನು ತೆಗೆದು ಒಂದೊಂದನ್ನೇ ತೋರಿಸಿದಳು. ನಾಲ್ಕನೆಯ ಶನಿವಾರ ರೇಡಿಯೋ ಅವಳ ಕಿವಿಯಲ್ಲಿ ಏನೋ ಹೇಳಿತು. ಚಳಿ ಬರುವ ಹೊತ್ತಿಗೆ ಮಗಳು ಡಿಸ್ಕಿನ ಕಪಾಟಿನ ಹಿಂದೆ ನಿಂತು ನೇರವಾಗಿಯೇ ವಿವರಣೆ ಹೇಳತೊಡಗಿದಳು. ಮುಂದಿನ ವರ್ಷ ಕಪಾಟು ಬಿಟ್ಟು ಮುಂದೆ ಬಂದಳು.

ಆ ಶನಿವಾರಗಳಲ್ಲಿ ತಾಯಿ ಹಿಂದಿನ ಸಾಲಿನಲ್ಲಿ ಕೂರುವಳು. ಹೆಮ್ಮೆ ಇತ್ತು, ಇಲ್ಲವೆಂದಲ್ಲ. ಜೊತೆಗೇ ಇನ್ನೊಂದೇನೋ ಎದೆಯ ಮೂಲೆಯಲ್ಲಿ ಕೊರೆಯುತ್ತಿತ್ತು, ಅದಕ್ಕೆ ಹೆಸರಿಡಲು ಅವಳು ಹೋಗಲಿಲ್ಲ.

ಮಗಳಿಗೆ ಹನ್ನೆರಡು ತುಂಬಿದ ತಿಂಗಳು, ಒಂದು ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ ಹುಡುಗಿ ಕೇಳಿದಳು. "ಅಮ್ಮ, ನಾನು ಸ್ಕೂಲಿಗೆ ಹೋಗ್ಲಾ?"

"ಯಾಕೆ, ಇಲ್ಲಿ ಏನು ಕಮ್ಮಿ ಆಯ್ತು?" ಮಾತು ಬಾಯಿಂದ ಜಾರಿದ ಮೇಲೆ ತಾಯಿಗೇ ಅದರ ಚೂಪು ತಿಳಿಯಿತು.

ಹುಡುಗಿ ಬೇಸರಿಸಲಿಲ್ಲ. "ಕಮ್ಮಿ ಏನಿಲ್ಲ. ನೀನೊಬ್ಳೇ ಇದೀಯ, ಅಷ್ಟೆ" ಎಂದಳು.

ಗಂಡ ಚಹಾದ ಲೋಟ ಕೆಳಗಿಟ್ಟು ಹೆಂಡತಿಯ ಮುಖ ನೋಡಿದ. ಅವಳು ಎದ್ದು ಬಾಣಲೆಯಲ್ಲಿ ಇಲ್ಲದ ಮೊಟ್ಟೆಯನ್ನು ಮಗುಚಿದಳು. ಮಧ್ಯಾಹ್ನವೇ ಹೋಗಿ ಶಾಲೆಯ ಅರ್ಜಿ ತಂದಳು.

ಹಲ್ಲಿನ ತಂತಿಯ ಗೆಳತಿ ಓದುವ ಶಾಲೆಯದು. ಮೊದಲ ವಾರ ಬೆಳಿಗ್ಗೆ ಮಗಳನ್ನು ಬಿಟ್ಟು ಬಂದವಳು, ಸಂಜೆ ಕರೆತರಲು ಅರ್ಧಗಂಟೆ ಮುಂಚೆಯೇ ಗೇಟಿನ ಹತ್ತಿರ ನಿಂತಿರುತ್ತಿದ್ದಳು. ಅಲ್ಲಿ ತಾಯಂದಿರ ಗುಂಪು. ಒಂದು ಸಂಜೆ ಆ ಗೆಳತಿಯ ತಾಯಿ, ಹಲ್ಲಿನ ಆಸ್ಪತ್ರೆಯಲ್ಲಿ ನರ್ಸ್, ಸ್ಕೂಟರ್ ನಿಲ್ಲಿಸಿ ನೇರ ಇವಳ ಹತ್ತಿರ ಬಂದಳು. "ನೀವು ಆ ಮರಳುಗುಡ್ಡದ ಹುಡುಗಿಯ ತಾಯಿ ಅಲ್ವಾ? ನಮ್ಮನೇಲಿ ದಿನಾ ನಿಮ್ಮ ಮಗಳದೇ ಜಪ. ಎಲ್ಲಾ ನೀವೇ ಕಲಿಸಿದ್ರಂತೆ, ಅದೂ ಮನೇಲೇ. ಹೇಗ್ರೀ ನಿಭಾಯಿಸಿದ್ರಿ?"

ಹೇಳಲು ಎಷ್ಟೊಂದಿತ್ತು. ನಾಲ್ಕು ವರ್ಷ ಯಾರೂ ಕೇಳದ ಪ್ರಶ್ನೆ ಅದು. ಅವಳು ಬಾಯಿ ತೆರೆದಳು. ಮಾತು ಬರಲಿಲ್ಲ. ಯಾವುದರಿಂದ ಶುರುಮಾಡಬೇಕೋ, ಎಷ್ಟು ಹೇಳಿದರೆ ಸಾಕೋ, ಎದುರಿನವರ ಮುಖವನ್ನು ಎಷ್ಟು ಹೊತ್ತು ನೋಡಬೇಕೋ ಒಂದೂ ತೋಚಲಿಲ್ಲ. ಒಂದು ಸಲ ನಕ್ಕು, ತಲೆಯಾಡಿಸಿ, ರಸ್ತೆಯ ಆಚೆ ಯಾರನ್ನೋ ನೋಡುವವಳ ಹಾಗೆ ತಿರುಗಿಕೊಂಡಳು. ನರ್ಸ್ ಒಂದು ಕ್ಷಣ ನಿಂತು, ಆಮೇಲೆ ಬೇರೆಯವರ ಕಡೆ ಹೋದಳು. ಇವಳಿಗೆ ಜಂಬ ಎಂದುಕೊಂಡಿರಬೇಕು.

ಮಾರನೆಯ ವಾರದಿಂದ ಮಗಳು ಗೆಳತಿಯ ಜೊತೆ ನಡೆದೇ ಬರುತ್ತೇನೆ ಎಂದಳು. ತಾಯಿ ಒಪ್ಪಿದಳು. ಒಪ್ಪಿದಾಗ ಆದ ನಿರಾಳಕ್ಕೆ ತನ್ನ ಮೇಲೇ ಅವಳಿಗೆ ನಾಚಿಕೆಯಾಯಿತು.

ಅಚ್ಚುಕೂಟಕ್ಕೆ ಫೋನ್ ಮಾಡಿದಳು. ಉದ್ದನೆಯ ಮೇಜನ್ನು ಮಾರಿಬಿಟ್ಟಿದ್ದರು. ಈಗ ಕರಡುಗಳೆಲ್ಲ ಕಂಪ್ಯೂಟರಿನಲ್ಲೇ ಬರುತ್ತವೆ, ಮನೆಯಲ್ಲೇ ಕೂತು ತಿದ್ದಿ ಕಳಿಸಬಹುದು ಎಂದರು. "ಒಳ್ಳೇದಾಯ್ತಲ್ಲ ವಿರಾಮಕ್ಕ, ಬಸ್ಸಿನ ತಲೆನೋವಿಲ್ಲ." ಅವಳು ಹೂಂ ಎಂದಳು. ಕೆಲಸ ಬಂತು. ಬೆಳಿಗ್ಗೆ ಎಂಟೂವರೆಗೆ ಬಾಗಿಲು ಮುಚ್ಚಿದರೆ ನಾಲ್ಕರ ತನಕ ಮನೆಯಲ್ಲಿ ಅವಳು, ಕೀಲಿಮಣೆಯ ಸದ್ದು. ಗಟ್ಟಿಯಾಗಿ ಓದಿಕೊಂಡರೆ ತಪ್ಪು ಬೇಗ ಸಿಗುತ್ತದೆ ಎಂದು ಒಂದೆರಡು ದಿನ ಓದಿ ನೋಡಿದಳು. ಖಾಲಿ ಕೋಣೆಯಲ್ಲಿ ತನ್ನ ದನಿ ತನಗೇ ಅಪರಿಚಿತವಾಗಿ ಕೇಳಿ ಬಿಟ್ಟುಬಿಟ್ಟಳು.

ಆ ವರ್ಷದ ಕೊನೆಗೆ ಹಿಂದಿನ ಬೀದಿಯ ಏಳು ಮಹಡಿ ಕಟ್ಟಡದ ಲಿಫ್ಟನ್ನು ಪೂರ್ತಿ ಬದಲಾಯಿಸುವ ಕೆಲಸ ಗಂಡನಿಗೆ ಬಿತ್ತು. ಒಂದು ತಿಂಗಳ ಕೆಲಸ. ಮನೆ ಹತ್ತಿರವೇ ಎಂದು ಒಂದು ಗಂಟೆಗೆ ಊಟಕ್ಕೆ ಬರತೊಡಗಿದ. ಮದುವೆಯಾಗಿ ಹದಿನೈದು ವರ್ಷದಲ್ಲಿ ರಜೆಯಿಲ್ಲದ ದಿನ ಇಬ್ಬರೇ ಕೂತು ಮಧ್ಯಾಹ್ನ ಉಂಡದ್ದು ಅದೇ ಮೊದಲು. ಮೊದಲ ಮೂರು ದಿನ ಚಮಚದ ಸದ್ದು ಬಿಟ್ಟರೆ ಬೇರೆ ಇರಲಿಲ್ಲ.

ನಾಲ್ಕನೆಯ ದಿನ ಅವಳೇ ಕೇಳಿದಳು. "ಆ ಲಿಫ್ಟಿನ ಹೊಂಡದೊಳಗೆ ಇಡೀ ದಿನ ಏನ್ಮಾಡ್ತೀರ್ರೀ? ಜೊತೆಗೆ ಯಾರಾದ್ರೂ ಇರ್ತಾರಾ?"

"ಮೇಲೆ ಒಬ್ಬ ಇರ್ತಾನೆ, ಏಳನೇ ಮಹಡೀಲಿ. ಕೂಗಿದ್ರೆ ಕೇಳ್ಸುತ್ತೆ, ಏನು ಅಂದ ಅಂತ ಗೊತ್ತಾಗಲ್ಲ." ಅವನು ಕೈ ತೊಳೆಯಲು ಏಳುತ್ತಿದ್ದವನು ಕೂತ. "ನಾನು ಹಾಡ್ಕೋತೀನಿ."

"ನೀವಾ? ಹಾಡ್ತೀರಾ?"

"ಯಾರೂ ಇಲ್ವಲ್ಲ, ಅದಕ್ಕೆ." ಅವನ ಮುಖ ಕೆಂಪಾಗಿತ್ತು. "ಇಪ್ಪತ್ತು ವರ್ಷದಿಂದ. ಯಾರಿಗೂ ಹೇಳಿಲ್ಲ."

ಅವಳು ಹಾಡಿ ಎನ್ನಲಿಲ್ಲ. ಒತ್ತಾಯ ಮಾಡಿದಷ್ಟೂ ಬಿಗಿಯಾಗುವುದು ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಟ್ಟೆ ಎತ್ತಿಕೊಂಡು, "ಗೇಟಿನ ಹತ್ರ ಒಂದಿನ ನಂಗೆ ಮಾತೇ ಬರ್ಲಿಲ್ಲ ರೀ" ಎಂದಳು. ಪೂರ್ತಿ ಹೇಳಿದಳು. ಅವನು ಸಲಹೆ ಕೊಡಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಕೇಳಿದ. ಎರಡು ಗಂಟೆಯಾಗಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ತಿಂಗಳು ಮುಗಿಯಿತು, ಲಿಫ್ಟು ಓಡಿತು. ಅವನಿಗೆ ಊರಿನ ಇನ್ನೊಂದು ತುದಿಯಲ್ಲಿ ಕೆಲಸ ಬಿತ್ತು. ಅವಳು ಮತ್ತೆ ಒಬ್ಬಳೇ ಉಣ್ಣತೊಡಗಿದಳು, ಒಮ್ಮೊಮ್ಮೆ ನಿಂತುಕೊಂಡೇ.

ಒಂದು ವಾರದ ಮೇಲೆ ಒಂದು ಗಂಟೆಗೆ ಗಂಡನ ಫೋನ್ ಬಂತು. "ಊಟ ಆಯ್ತಾ?" ಎಂದ.

"ಈಗ ಕೂತೆ. ನಿಮ್ದು?"

"ಆಯ್ತು. ಕೆಲಸ ಶುರು ಮಾಡ್ಬೇಕು." ಹೇಳಲು ಇಬ್ಬರಿಗೂ ಬೇರೇನೂ ಹೊಳೆಯಲಿಲ್ಲ. ಆದರೂ ಅವನು ಫೋನ್ ಇಡಲಿಲ್ಲ. "ಇರ್ಲಿ ಬಿಡು, ಹೀಗೇ ಇರ್ಲಿ" ಎಂದು ಅದನ್ನು ಲಿಫ್ಟಿನ ಪೆಟ್ಟಿಗೆಯ ಮೇಲೆಲ್ಲೋ ಇಟ್ಟ. ಸ್ಪ್ಯಾನರ್ ಕಬ್ಬಿಣಕ್ಕೆ ತಾಗುವ ಸದ್ದು, ಸರಪಳಿ ಸರಿಯುವ ಸದ್ದು, ದೂರದಲ್ಲಿ ಯಾರೋ ಏನೋ ಕೂಗಿದ್ದು ಕೇಳಿಬಂತು. ಅವಳು ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ನಿಲ್ಲಿಸಿ, ಕುರ್ಚಿ ಎಳೆದುಕೊಂಡು ಕೂತು ಊಟ ಮಾಡಿದಳು.